ಹೊರಗಿನೂರಿನ ಪಾದ್ರಿ

ದೆವ್ವ ಬಿಡಿಸುವ ಪಾದ್ರಿಗೆ ತಲೆತುಂಬ ಕೂದಲಿರಬೇಕು ಎಂಬ ಸಂಗತಿ ದೊನ್ ಲಿಬೋರಿಯೊಗೆ ತನ್ನ ಅರವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು. ತಿಳಿಸಿದವನು ದೆವ್ವದ ಸಿನಿಮಾ ತೆಗೆಯುತ್ತಿದ್ದ ಫುಲ್ವಿಯೊ ಎಂಬ ನಿರ್ದೇಶಕ. ಮಿಲಾನಿನಿಂದ ಮೂರು ಲಾರಿ ಸಾಮಾನು, ನಲವತ್ತು ಜನ, ಹೊಗೆ ಬಿಡುವ ಒಂದು ಯಂತ್ರ ತಂದು ರೊಕ್ಕಾಮಾರಾ ಎಂಬ ಊರಿನ ಇಗರ್ಜಿಯಲ್ಲಿ ಅವನು ಬೀಡುಬಿಟ್ಟಿದ್ದ. ಬಿಷಪ್ಪರ ಕಚೇರಿ ಒಪ್ಪಿಗೆ ಕೊಟ್ಟಿತ್ತು. ಊರಿನ ಪಾದ್ರಿಯಾದ ದೊನ್ ಲಿಬೋರಿಯೊನನ್ನು ಧಾರ್ಮಿಕ ಸಲಹೆಗಾರನೆಂದು ನೇಮಿಸಿದ್ದರು. ಕೆಲಸ ಕಷ್ಟದ್ದೇನಲ್ಲ. ಅವನು ಸಲಹೆ ಕೊಡಬೇಕು, ಅವರು ಅದನ್ನು ಕೇಳಬಾರದು.

"ತೀರ್ಥ ಬಿದ್ದ ತಕ್ಷಣ ದೆವ್ವ ಹಿಡಿದ ಹುಡುಗಿ ಮೈಮೇಲೆ ಚುರ್ ಅಂತ ಹೊಗೆ ಏಳುತ್ತೆ," ಅಂದ ಫುಲ್ವಿಯೊ.

"ಏಳಲ್ಲ ಸ್ವಾಮಿ. ಅದು ನೀರು. ಒದ್ದೆ ಆಗುತ್ತೆ, ಅಷ್ಟೆ."

"ಒದ್ದೆ ಆಗೋದನ್ನ ನೋಡೋಕೆ ಯಾರು ಟಿಕೆಟ್ ತಗೋತಾರೆ ಫಾದರ್?"

ಮರುದಿನ ಗೋಡೆಗೆ ಶಿಲುಬೆಯನ್ನು ತಲೆಕೆಳಗಾಗಿ ಹೊಡೆದರು. ದೊನ್ ಲಿಬೋರಿಯೊ ಮತ್ತೆ ಕೈ ಎತ್ತಿದ.

"ಅದು ಸೈತಾನನ ಗುರುತಲ್ಲ. ಸಂತ ಪೇತ್ರನದು. ನನ್ನ ಸ್ವಾಮಿ ಸತ್ತ ಹಾಗೆ ಸಾಯೋ ಯೋಗ್ಯತೆ ನನಗಿಲ್ಲ ಅಂತ ಶಿಲುಬೆಗೆ ತಲೆಕೆಳಗಾಗಿ ಹೊಡೆಸ್ಕೊಂಡವನು ಅವನು. ವಿನಯದ ಗುರುತು ಅದು."

"ಪ್ರೇಕ್ಷಕರಿಗೆ ಇದು ಗೊತ್ತಾ?"

"ಗೊತ್ತಿರಲಿಕ್ಕಿಲ್ಲ."

"ಹಾಗಾದ್ರೆ ಸೈತಾನಂದೇ. ನೀವು ಇಷ್ಟು ವರ್ಷದಲ್ಲಿ ಎಷ್ಟು ದೆವ್ವ ಬಿಡಿಸಿದೀರಿ?"

"ಒಂದು ಸಲ ಕರೆ ಬಂದಿತ್ತು. ಹೊಗೆಗೂಡಲ್ಲಿ ಗೂಬೆ ಸಿಕ್ಕಿಹಾಕ್ಕೊಂಡಿತ್ತು."

"ಏನು ಮಾಡಿದ್ರಿ?"

"ಏಣಿ ತರಿಸಿದೆ."

ಸುತ್ತ ನಿಂತಿದ್ದವರೆಲ್ಲ ನಕ್ಕರು. ದೊನ್ ಲಿಬೋರಿಯೊ ತಾನೂ ನಕ್ಕ, ಆದರೆ ಒಳಗೆ ಚುರುಕ್ ಎಂದಿತು. ಮೂವತ್ತೈದು ವರ್ಷ ಅವನು ಈ ಇಗರ್ಜಿಯಲ್ಲಿ ಪೂಜೆ ಮಾಡಿದ್ದ, ಮಕ್ಕಳ ತಲೆಗೆ ನೀರು ಹಾಕಿದ್ದ, ಮುದುಕರ ಹಣೆಗೆ ಎಣ್ಣೆ ಹಚ್ಚಿದ್ದ. ಯಾವುದರಿಂದಲೂ ಹೊಗೆ ಎದ್ದಿರಲಿಲ್ಲ. ಸಿನಿಮಾದವರು ಅವನ ನೀರು, ಎಣ್ಣೆ, ಮೇಣದಬತ್ತಿ, ಲ್ಯಾಟಿನ್ ಎಲ್ಲವನ್ನೂ ಎತ್ತಿಕೊಂಡಿದ್ದರು. ಅವನೊಬ್ಬನೇ ಅವರಿಗೆ ಬೇಡವಾಗಿದ್ದ.

ಅವನ ಬದಲಿಗೆ ಅವರ ಬಳಿ ರುಜ್ಜೇರೊ ಇದ್ದ. ರುಜ್ಜೇರೊ ರೋಮಿನ ನಟ. ಆಳೆತ್ತರದ ಮೈ, ಬೆಳ್ಳಗಿನ ದಟ್ಟ ಕೂದಲು, ಇಗರ್ಜಿಯ ಕೊನೆಯ ಬೆಂಚಿಗೂ ಕೇಳಿಸುವ ಗಂಟಲು. ಕತ್ತಿನಿಂದ ಪಾದದವರೆಗೆ ಗುಂಡಿಗಳಿದ್ದ ಕಪ್ಪು ನಿಲುವಂಗಿ ತೊಟ್ಟು ಅವನು ಚೌಕದಲ್ಲಿ ನಡೆದರೆ ಮುದುಕರು ಟೋಪಿ ತೆಗೆಯುತ್ತಿದ್ದರು. ಬೋಳುತಲೆಯ ದೊನ್ ಲಿಬೋರಿಯೊ ಹಾಕಿಕೊಳ್ಳುತ್ತಿದ್ದದ್ದು ಬೂದು ಬಣ್ಣದ ಅರ್ಧತೋಳಿನ ಅಂಗಿ, ಮಂಡಿಯ ಹತ್ತಿರ ಜೋತುಬಿದ್ದ ಪ್ಯಾಂಟು. ಅವನನ್ನು ಕಂಡರೆ ಊರಿನವರು, "ಇಗರ್ಜಿ ಬಾಯ್ಲರ್ ರಿಪೇರಿ ಆಯ್ತಾ ಫಾದರ್?" ಎಂದು ಕೇಳುತ್ತಿದ್ದರು.

ಆದರೂ ರುಜ್ಜೇರೊನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಸಲಹೆ ಕೇಳಿದವನು ಅವನೊಬ್ಬನೇ. ಬಂದ ದಿನವೇ ಕೇಳಿದ್ದ: "ಪಾಪನಿವೇದನೇಲಿ ಕೇಳಿದ್ದನ್ನ ಪಾದ್ರಿ ಯಾವಾಗ ಬಾಯಿಬಿಡಬಹುದು?"

"ಯಾವತ್ತೂ ಇಲ್ಲ. ಕತ್ತು ಕೊಯ್ದರೂ ಇಲ್ಲ. ಅಕಸ್ಮಾತ್ತಾಗಿ ಕಿವಿಗೆ ಬಿದ್ದವನೂ ಹೇಳೋ ಹಾಗಿಲ್ಲ."

ರುಜ್ಜೇರೊ ಅದನ್ನು ಸಂಭಾಷಣೆಯ ಹಾಳೆಯ ಅಂಚಿನಲ್ಲಿ ಬರೆದುಕೊಂಡ.

ಇಲ್ಲಿ ರೊಕ್ಕಾಮಾರಾದ ಒಂದು ಪದ್ಧತಿಯನ್ನು ಹೇಳಿಬಿಡಬೇಕು. ಊರು ಸಣ್ಣದು, ಪಾದ್ರಿ ಊರಿನವನೇ. ಅರ್ಧ ಊರಿಗೆ ಅವನು ನೆಂಟ, ಉಳಿದರ್ಧಕ್ಕೆ ಶಾಲೆಯ ಜೊತೆಗಾರ. ಅಂಥವನ ಕಿವಿಗೆ ದೊಡ್ಡ ಪಾಪ ಹಾಕುವುದು ಹೇಗೆ? ಹಾಗಾಗಿ ವರ್ಷವಿಡೀ ಅವನಿಗೆ ಚಿಲ್ಲರೆ ಪಾಪಗಳನ್ನು ಕೊಡುತ್ತಿದ್ದರು. ಬೆಕ್ಕಿಗೆ ಬೈದೆ, ಮಾಂಸ ಮುಟ್ಟಬಾರದ ಶುಕ್ರವಾರ ಮಾಂಸದ ಸಾರಿಗೆ ರೊಟ್ಟಿ ಅದ್ದಿದೆ, ಅತ್ತೆಗೆ ಕೇಳಿಸದ ಹಾಗೆ ಗೊಣಗಿದೆ. ದಪ್ಪನೆಯವನ್ನು ಜುಲೈಗೆ ಎತ್ತಿಡುತ್ತಿದ್ದರು. ಸಂತ ಮಾರ್ಗರೀತಾಳ ಹಬ್ಬದ ಹಿಂದಿನ ವಾರ ಬೆಟ್ಟದ ಮಠದಿಂದ ಒಬ್ಬ ಗಡ್ಡದ ಸನ್ಯಾಸಿ ಇಳಿದು ಬಂದು, ಮೂರು ದಿನ ಕೂತು, ಎಲ್ಲವನ್ನೂ ಕೇಳಿ, ಕ್ಷಮಿಸಿ, ಮತ್ತೆ ಬೆಟ್ಟ ಹತ್ತುತ್ತಿದ್ದ. ಅವನಿಗೆ ಯಾರ ಮುಖವೂ ಗೊತ್ತಿರಲಿಲ್ಲ. ಊರು ವರ್ಷಕ್ಕೊಮ್ಮೆ ಹಗುರವಾಗುತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಆ ಸನ್ಯಾಸಿ ತೀರಿಕೊಂಡ. ಮಠ ಈಗ ಹೋಟೆಲು. ಬೇರೆ ಪಾದ್ರಿಯನ್ನು ಕಳಿಸಿ ಎಂದು ದೊನ್ ಲಿಬೋರಿಯೊ ಬಿಷಪ್ಪರಿಗೆ ಪ್ರತಿವರ್ಷ ಬರೆದ, ಪ್ರತಿವರ್ಷ ಆಶೀರ್ವಾದ ಬಂತು, ಪಾದ್ರಿ ಬರಲಿಲ್ಲ. ಹನ್ನೆರಡು ವರ್ಷದ ದಪ್ಪ ಪಾಪಗಳು ರೊಕ್ಕಾಮಾರಾದ ಎದೆಗಳಲ್ಲಿ ಹಾಗೇ ಕೂತಿದ್ದವು.

ಚಿತ್ರೀಕರಣದ ಮೊದಲ ವಾರ ಮುಗಿಯುವಷ್ಟರಲ್ಲಿ ಊರಿನಲ್ಲಿ ವಿಚಿತ್ರಗಳು ಶುರುವಾದವು. ಬೇಕರಿಯವನು ತಮ್ಮನ ಹೊಲದ ಗಡಿಕಲ್ಲನ್ನು ಸ್ವತಃ ಕಿತ್ತು ಎರಡು ಮೀಟರ್ ಹಿಂದೆ ನೆಟ್ಟ. ಬೀದಿಯ ಎದುರುಬದುರು ಮನೆಯ ಇಬ್ಬರು ಹೆಂಗಸರು, ಹದಿನಾರು ವರ್ಷದಿಂದ ಪರಸ್ಪರ ಬೆನ್ನು ತೋರಿಸಿಯೇ ಬಟ್ಟೆ ಒಣಹಾಕುತ್ತಿದ್ದವರು, ಒಂದೇ ಹಗ್ಗಕ್ಕೆ ಹಾಸಿಗೆ ಬಟ್ಟೆ ಹರವಿದರು. ಯಾವಾಗಲೋ ಕಳುವಾಗಿದ್ದ ಬೆಳ್ಳಿಯ ಧೂಪದ ಚಮಚ ಒಂದು ಬೆಳಿಗ್ಗೆ ಪೀಠದ ಮೇಲಿತ್ತು, ತೊಳೆದು ಉಜ್ಜಿ ಇಟ್ಟಿದ್ದರು.

ದೊನ್ ಲಿಬೋರಿಯೊಗೆ ಹಿಗ್ಗು. ಸಿನಿಮಾದ ಹುಡುಗಿಯ ಕಿರುಚಾಟ ಕೇಳಿ ಊರಿಗೆ ದೇವರ ಭಯ ಬಂದಿದೆ ಅಂದುಕೊಂಡ. ತನ್ನ ಉಪದೇಶದಿಂದ ಆಗದ್ದು ಹೊಗೆಯಂತ್ರದಿಂದ ಆಯಿತಲ್ಲ ಎಂದು ಒಂದಿಷ್ಟು ಬೇಸರವೂ ಆಯಿತು, ಆದರೆ ನುಂಗಿಕೊಂಡ.

ಮಂಗಳವಾರ ಸಂಜೆ ಪೂಜೆಯ ಬಟ್ಟೆ ಇಡುವ ಕೋಣೆಗೆ ರುಜ್ಜೇರೊ ಬಂದ. ಬಾಗಿಲು ಹಾಕಿದ. ಮುಖ ಬಿಳಿಚಿಕೊಂಡಿತ್ತು.

"ಫಾದರ್, ಒಂದು ತಪ್ಪಾಗಿದೆ. ಮಧ್ಯಾಹ್ನ ಊಟದ ಹೊತ್ತಲ್ಲಿ ನಾನು ಆ ಪಾಪನಿವೇದನೆ ಗೂಡಲ್ಲಿ ಕೂತ್ಕೋತಿದ್ದೆ. ಮಾತು ಬಾಯಿಪಾಠ ಮಾಡೋಕೆ. ಅಲ್ಲಿ ತಂಪು, ದಿಂಬೂ ಇದೆ."

ಪಾದ್ರಿ ಮರೆಯಲ್ಲಿ ಕೂತು ಪಾಪ ಕೇಳುವ ಆ ಮರದ ಗೂಡಿನ ಕುರ್ಚಿಯ ಕೆಳಗೆ ಒಂದು ಸ್ವಿಚ್ಚಿತ್ತು. ಯಾರೇ ಕೂತರೂ ಮೇಲೆ ಕೆಂಪು ದೀಪ ಹೊತ್ತುತ್ತಿತ್ತು, ಪಾದ್ರಿ ಒಳಗಿದ್ದಾನೆ ಬನ್ನಿ ಎಂದು. ಮಧ್ಯಾಹ್ನ ಒಂದರಿಂದ ಮೂರು ದೊನ್ ಲಿಬೋರಿಯೊ ತನ್ನ ಮನೆಯಲ್ಲಿ ಗೊರಕೆ ಹೊಡೆಯುವ ಹೊತ್ತು. ಅದು ಊರಿಗೆಲ್ಲ ಗೊತ್ತು, ಆಗ ದೀಪ ಹೊತ್ತಿದರೆ ಒಳಗಿರುವ ಪಾದ್ರಿ ಹೊರಗಿನವನು.

"ಯಾರಾದ್ರೂ ಬಂದ್ರಾ?"

"ಮೊದಲನೇ ದಿನ ಒಬ್ಬ ಹೆಂಗಸು ಬಂದು ಮಂಡಿಯೂರಿದ್ರು. ಫುಲ್ವಿಯೊ ಯಾರನ್ನೋ ಅಭ್ಯಾಸಕ್ಕೆ ಕಳಿಸಿದಾನೆ ಅಂದ್ಕೊಂಡೆ. ಎಂಥ ನಟನೆ ಅಂತ ಬೆರಗಾದೆ! ನಾನೂ ಪಾತ್ರದಲ್ಲೇ ಉತ್ತರ ಕೊಟ್ಟೆ. ಎರಡನೇ ದಿನ ಏಳು ಜನ ಸಾಲಲ್ಲಿದ್ರು. ಆಗ ಅರ್ಥ ಆಯ್ತು."

"ಅರ್ಥ ಆದ ಮೇಲೆ ಎದ್ದು ಬರಬೇಕಿತ್ತಲ್ಲೋ ಪುಣ್ಯಾತ್ಮ!"

"ಬರಬೇಕಿತ್ತು. ಎದ್ದರೆ ದೀಪ ಆರ್ತಿತ್ತು, ಅವರ ಮುಖ ನೋಡೋಕಾಗ್ತಿರಲಿಲ್ಲ. ಮತ್ತೆ..." ಅವನು ತಲೆ ತಗ್ಗಿಸಿದ. "ಮೂವತ್ತು ವರ್ಷ ರಂಗದ ಮೇಲಿದ್ದೀನಿ ಫಾದರ್. ಯಾರೂ ನನ್ನ ಬಾಯಿಂದ ಬರೋ ಮಾತಿಗೆ ಹಾಗೆ ಕಾದಿರಲಿಲ್ಲ."

"ಪ್ರಾಯಶ್ಚಿತ್ತ ಏನು ಕೊಟ್ಟೆ?"

"ನನಗೇನು ಗೊತ್ತು ಅದರ ಲೆಕ್ಕಾಚಾರ? ಕದ್ದಿದ್ರೆ ವಾಪಸ್ಸು ಕೊಡು ಅಂದೆ. ಜಗಳ ಆಗಿದ್ರೆ ಹೋಗಿ ಮಾತಾಡು ಅಂದೆ."

ಗಡಿಕಲ್ಲು, ಹಾಸಿಗೆ ಬಟ್ಟೆ, ಚಮಚ ಎಲ್ಲ ದೊನ್ ಲಿಬೋರಿಯೊನ ಕಣ್ಣೆದುರು ಬಂದವು. ಮೂವತ್ತೈದು ವರ್ಷ ತಾನು ಕೊಟ್ಟದ್ದು ಮೂರು ನಮೋ ಮರಿಯಾ ಜಪ, ಹೆಚ್ಚೆಂದರೆ ಐದು. ಹೊಟ್ಟೆಕಿಚ್ಚು ಎಂಬುದು ಹೇಗಿರುತ್ತದೆಂದು ಅವನಿಗೆ ಆ ಗಳಿಗೆಯಲ್ಲಿ ಚೆನ್ನಾಗಿ ತಿಳಿಯಿತು.

"ಯಾರ್ಯಾರು ಬಂದಿದ್ರು ಹೇಳು. ನಾನೇ ಮನೆಮನೆಗೆ ಹೋಗ್ತೀನಿ."

"ಹೇಳಲ್ಲ."

"ನೀನು ಪಾದ್ರಿ ಅಲ್ಲ ಮಾರಾಯ!"

"ಕಿವಿಗೆ ಬಿದ್ದವನೂ ಹೇಳೋ ಹಾಗಿಲ್ಲ ಅಂದವರು ನೀವೇ," ಅಂದ ರುಜ್ಜೇರೊ. ಹೀಗೆ ಅಡ್ಡಗಟ್ಟಿದವನು ದೇವರನ್ನೇ ನಂಬದ ಮನುಷ್ಯ. ರುಜ್ಜೇರೊ ಬಾಗಿಲಿನ ಬಳಿ ನಿಂತು ಹಿಂತಿರುಗಿದ. "ಒಂದೇ ಒಂದು ಮಾತು ಕೇಳ್ತೀನಿ. ಒಬ್ಬರಿಗೆ ಗುರುವಾರ ಹೃದಯದ ಆಪರೇಷನ್ ಇದೆ. ನಾನು ಕೊಟ್ಟ ಕ್ಷಮೆ ಅವರಿಗೆ ಸಾಕಾಗುತ್ತಾ?"

ಕೇಳುವಾಗ ಅವನು ದೊನ್ ಲಿಬೋರಿಯೊನನ್ನು ಅಯ್ಯೋ ಪಾಪ ಎಂಬಂತೆ ನೋಡಿದ. ಆ ನೋಟ ಯಾಕೆಂದು ಪಾದ್ರಿಗೆ ಹೊಳೆಯಲಿಲ್ಲ.

ರೊಕ್ಕಾಮಾರಾದಲ್ಲಿ ಗುರುವಾರ ಹೃದಯದ ಆಪರೇಷನ್ ಇದ್ದದ್ದು ಒಬ್ಬಳಿಗೇ. ಎರ್ಸಿಲಿಯಾ, ಎಪ್ಪತ್ತೊಂಬತ್ತು ವರ್ಷ, ದೊನ್ ಲಿಬೋರಿಯೊನ ತಾಯಿಯ ತಂಗಿ. ಬದುಕುವುದು ಅರ್ಧಕ್ಕರ್ಧ ಎಂದು ಡಾಕ್ಟರು ಹೇಳಿದ್ದರು. ಉಳಿದವರ ಕಥೆ ಬೇರೆ, ಭಾನುವಾರ ಪೂಜೆಯಲ್ಲಿ ಏನಾದರೂ ಹೇಳಿ ಸರಿಮಾಡಬಹುದು. ಚಿಕ್ಕಮ್ಮನಿಗೆ ಭಾನುವಾರ ಇದೆಯೋ ಇಲ್ಲವೋ. ದೊಡ್ಡದೊಂದು ಪಾಪ ಹೊತ್ತು, ಕ್ಷಮೆ ಸಿಕ್ಕಿತೆಂದು ನಂಬಿ, ಕ್ಷಮೆಯಿಲ್ಲದೆ ಅವಳು ಡಾಕ್ಟರ ಚಾಕುವಿನ ಕೆಳಗೆ ಮಲಗಲಿದ್ದಳು. ಸಿನಿಮಾದಲ್ಲಾಗಿದ್ದರೆ ಇದು ದೊಡ್ಡ ವಿಷಯವಲ್ಲ. ದೊನ್ ಲಿಬೋರಿಯೊ ಮಾತ್ರ ಇದನ್ನೆಲ್ಲ ನಿಜವಾಗಿ ನಂಬಿದ್ದ, ಅದೇ ಅವನ ಕಷ್ಟ.

ಬಿಷಪ್ಪರ ಕಚೇರಿಗೆ ಫೋನು ಮಾಡಿದ. ಕಾರ್ಯದರ್ಶಿ ಎಲ್ಲ ಕೇಳಿ, "ಬರವಣಿಗೇಲಿ ಕಳಿಸಿ ಫಾದರ್. ಸಮಿತಿ ಸೆಪ್ಟೆಂಬರಲ್ಲಿ ಕೂಡುತ್ತೆ," ಅಂದರು. ಹೊರಗಿನ ಪಾದ್ರಿಯನ್ನಾದರೂ ಕರೆಸೋಣವೆಂದು ಸುತ್ತಲ ಊರುಗಳಿಗೆ ಫೋನು ಮಾಡಿದ. ಒಬ್ಬರು ಯಾತ್ರಿಕರ ಜೊತೆ ಲೂರ್ದಿಗೆ ಹೋಗಿದ್ದರು. ಇನ್ನೊಬ್ಬರಿಗೆ ಪಿತ್ತಕೋಶದ ಕಲ್ಲು. ಮೂರನೆಯವರು ಇಂಡಿಯಾದವರು, ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದರು.

ಬುಧವಾರ ಬೆಳಿಗ್ಗೆ ಎಣ್ಣೆಯ ಡಬ್ಬಿ, ಪಾಪನಿವೇದನೆ ಕೇಳುವಾಗ ಹಾಕಿಕೊಳ್ಳುವ ನೇರಳೆ ಬಣ್ಣದ ಕೊರಳಪಟ್ಟಿ ಜೇಬಿನಲ್ಲಿಟ್ಟುಕೊಂಡು ಅವನು ಚಿಕ್ಕಮ್ಮನ ಮನೆಯ ಮೆಟ್ಟಿಲು ಹತ್ತಿದ. ಅವಳು ಅಡುಗೆಮನೆಯಲ್ಲಿ ಆಸ್ಪತ್ರೆಯ ಚೀಲ ತುಂಬುತ್ತಿದ್ದಳು. ಬಾಯಲ್ಲಿ ಏನೋ ಹಾಡು. ಅವಳು ಹಾಡಿದ್ದನ್ನು ಅವನು ಚಿಕ್ಕಂದಿನಿಂದ ಕೇಳಿರಲಿಲ್ಲ.

"ಬಾ ಲಿಬೋ. ಎಣ್ಣೆ ತಂದಿದೀಯಾ? ಹಚ್ಚು, ಬೇಡ ಅನ್ನಲ್ಲ. ಪಾಪನಿವೇದನೆ ಆಯ್ತು ನಂದು."

"ಇನ್ನೊಂದ್ಸಲ ಮಾಡಿದ್ರೆ ಒಳ್ಳೇದು ಚಿಕ್ಕಮ್ಮ. ಆಪರೇಷನ್ನಿಗೆ ಮುಂಚೆ ಊರಿನ ಪಾದ್ರಿ ಹತ್ರಾನೇ ಮಾಡಬೇಕು ಅಂತ ನಿಯಮ ಇದೆ."

"ಯಾವ ನಿಯಮ? ಸುಳ್ಳು ಹೇಳೋಕೆ ನಿನಗೆ ಚಿಕ್ಕ ವಯಸ್ಸಲ್ಲೂ ಬರ್ತಿರಲಿಲ್ಲ, ಈಗಲೂ ಬರಲ್ಲ. ನೋಡು, ಕಿವಿ ಕೆಂಪಗಾಗಿದೆ."

ಬೇರೆ ದಾರಿ ಉಳಿಯಲಿಲ್ಲ. ಅವನು ಹೇಳಿಬಿಟ್ಟ. ಗೂಡಿನಲ್ಲಿದ್ದವನು ಪಾದ್ರಿಯಲ್ಲ, ನಟ. ಅವನ ಕ್ಷಮೆ ಬರಿಯ ಮಾತು. ಎರ್ಸಿಲಿಯಾ ಕೈಯಲ್ಲಿದ್ದ ಹೊಸ ಚಪ್ಪಲಿಯನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಕೂತಳು.

"ಸಿನಿಮಾದವರ ಜೊತೆ ನಿಜವಾದ ಪಾದ್ರೀನೂ ಒಬ್ಬ ಬಂದಿದಾನೆ ಅಂತ ಎಲ್ಲರೂ ಅಂದ್ರು. ನೋಡಿದ್ರೆ ಹಾಗೇ ಇದ್ದನಲ್ಲೋ."

"ಹಾಗೆ ಕಾಣಲಿ ಅಂತಲೇ ಅವನಿಗೆ ಸಂಬಳ."

"ನಿನ್ನ ಇಗರ್ಜಿ, ನಿನ್ನ ಕುರ್ಚಿ, ನಿನ್ನ ದೀಪ! ಕಂಡಕಂಡವರಿಗೆ ಬಿಟ್ಟುಕೊಟ್ಟು ಹೋಗಿ ಮಲಗಿದೆ. ಈಗ ನನ್ನ ಗತಿ ಏನೋ? ಬೇರೆ ಯಾರನ್ನಾದ್ರೂ ಕರೆಸು."

"ಯಾರೂ ಸಿಗ್ತಿಲ್ಲ. ನಾನಿದ್ದೀನಲ್ಲ."

"ನಿನಗೆ ಹೇಳೋಕಾಗಲ್ಲ," ಅಂದಳು ಮುದುಕಿ. ಹಾಡು ಎಲ್ಲಿಗೆ ಹೋಯಿತೋ.

ಇಲ್ಲಿ ದೊನ್ ಲಿಬೋರಿಯೊ ಮಾಡಿದ್ದನ್ನು ಮುಚ್ಚಿಡುವುದು ಸರಿಯಲ್ಲ. ಮೆಟ್ಟಿಲು ಹತ್ತುವಾಗಲೇ ಅವನಿಗೆ ಒಂದು ಉಪಾಯ ಹೊಳೆದಿತ್ತು. ಸಾವಿನ ಅಪಾಯವಿರುವವರು ಒಂದೊಂದನ್ನೂ ಬಿಡಿಸಿ ಹೇಳಬೇಕೆಂದೇನಿಲ್ಲ. ಅವತ್ತು ಗೂಡಿನಲ್ಲಿ ಹೇಳಿದ್ದಕ್ಕೆಲ್ಲ ಪಶ್ಚಾತ್ತಾಪ ಪಡುತ್ತೇನೆ ಅಂದರೆ ಸಾಕು, ಅವನು ಕೈ ಎತ್ತಿ ಕ್ಷಮಿಸಬಹುದಿತ್ತು. ಆದರೆ ಆ ಮಾತು ಅವನ ನಾಲಗೆಯ ತುದಿಯಲ್ಲೇ ನಿಂತಿತು. ಊರೆಲ್ಲ ಆ ನಟನ ಮುಂದೆ ಎದೆ ಬಿಚ್ಚಿತ್ತು. ತನ್ನ ಸ್ವಂತ ಚಿಕ್ಕಮ್ಮ ಕೂಡ. ಒಬ್ಬರಾದರೂ, ಒಂದೇ ಸಲವಾದರೂ, ತನಗೆ ಬೆಕ್ಕಿನ ಸುದ್ದಿ ಬಿಟ್ಟು ಬೇರೆ ಹೇಳಲಿ ಎಂದು ಅವನಿಗೆ ಆಸೆಯಾಯಿತು. ಪೂರ್ತಿ ಹೇಳಿಕೊಂಡರೆ ಅವಳಿಗೇ ಹಿತ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

"ಹೇಳು ಚಿಕ್ಕಮ್ಮ," ಅಂದ. "ನಾನು ಇಲ್ಲಿ ನಿನ್ನ ಅಕ್ಕನ ಮಗ ಅಲ್ಲ. ಇಲ್ಲಿ ಕೂತಿರೋದು ದೇವರ ಕಿವಿ."

ಎರ್ಸಿಲಿಯಾ ಎದ್ದು, ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಇಟ್ಟಳು. ಒಂದರಲ್ಲಿ ಅವನನ್ನು ಕಿಟಕಿಯ ಕಡೆ ಮುಖ ಮಾಡಿ ಕೂರಿಸಿದಳು. ತಾನು ಒಲೆಯ ಕಡೆ ಮುಖ ಮಾಡಿ ಕೂತಳು. ಅವನು ಕೊರಳಪಟ್ಟಿ ಹಾಕಿಕೊಂಡ.

"ಹನ್ನೊಂದು ವರ್ಷದ ಹಿಂದೆ ಬಿಷಪ್ಪರಿಗೆ ಒಂದು ಕಾಗದ ಬರೆದೆ. ಹೆಸರು ಹಾಕ್ಲಿಲ್ಲ."

ಕಿಟಕಿಯಾಚೆ ಯಾರೋ ಸ್ಕೂಟರ್ ಚಾಲೂ ಮಾಡಲು ಒದೆಯುತ್ತಿದ್ದರು.

"ಕಂಪೊಬಾಸ್ಸೊದಲ್ಲಿ ನಿನಗೆ ಒಬ್ಬ ಹೆಂಗಸಿನ ಸಹವಾಸ ಇದೆ ಅಂತ ಬರೆದೆ. ಸುಳ್ಳು ಅಂತ ಗೊತ್ತಿದ್ದೇ ಬರೆದೆ."

ಹನ್ನೊಂದು ವರ್ಷದ ಹಿಂದೆ ಅವನಿಗೆ ಪಾದ್ರಿಗಳನ್ನು ತಯಾರುಮಾಡುವ ಸೆಮಿನರಿಯಲ್ಲಿ ಪಾಠ ಹೇಳಲು ಕರೆ ಬಂದಿತ್ತು. ಜೀವಮಾನವಿಡೀ ಬಯಸಿದ್ದ ಒಂದೇ ಒಂದು ಕೆಲಸ ಅದು. ಪುಸ್ತಕಗಳನ್ನೆಲ್ಲ ಪೆಟ್ಟಿಗೆಗೆ ತುಂಬಿದ್ದ. ಒಂದು ದಿನ ಬಿಷಪ್ಪರು ಕರೆದು ಏನೇನೋ ಸುತ್ತುಬಳಸಿ ಕೇಳಿದರು, ಸದ್ಯಕ್ಕೆ ಇದ್ದಲ್ಲೇ ಇರಿ ಅಂದರು. ಆ ಸದ್ಯ ಇನ್ನೂ ಮುಗಿದಿರಲಿಲ್ಲ. ಹೆಸರಿಲ್ಲದ ಕಾಗದವೊಂದು ಹೋಗಿದೆ ಎಂದು ಆಗಲೇ ಊಹಿಸಿ, ಬರೆದವನು ಔಷಧಿ ಅಂಗಡಿಯ ಒತ್ತೋರಿನೊ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಅಂದಿನಿಂದ ಆ ಮನುಷ್ಯನ ಜೊತೆ ಮಾತು ಬಿಟ್ಟಿದ್ದ. ಗುಳಿಗೆ ಬೇಕಾದರೂ ಪಕ್ಕದೂರಿಗೆ ಹೋಗುತ್ತಿದ್ದ.

"ಯಾಕೆ?" ಅಂದ. ಧ್ವನಿ ತನ್ನದೆನಿಸಲಿಲ್ಲ.

"ಪಾದ್ರಿ ಕೇಳ್ತಿರೋದಾ, ಅಕ್ಕನ ಮಗ ಕೇಳ್ತಿರೋದಾ?"

ಅವನು ಕಣ್ಣು ಮುಚ್ಚಿದ. "ಪಾದ್ರಿ."

"ಹಾಗಾದ್ರೆ ಹೇಳ್ತೀನಿ. ನಿನ್ನ ಚಿಕ್ಕಪ್ಪ ಸತ್ತಾಗ ನೀನು ರೋಮಿಗೆ ಹೋಗಿದ್ದೆ. ಬದಲಿಗೆ ಬಂದ ಪಾದ್ರಿ ಗೋರಿ ಮುಂದೆ ಒಂದೇ ಸಮನೆ ಗಡಿಯಾರ ನೋಡ್ತಿದ್ದ, ಇನ್ನೂ ಎರಡು ಹೆಣ ಇದೆ ಅಂದ. ನೀನು ಹೋಗಿದ್ರೆ ಇಗರ್ಜಿಗೆ ಬೀಗ ಹಾಕೋರು. ನಾಲ್ಕೂರಿಗೆ ಒಬ್ಬ ಪಾದ್ರಿ. ನನ್ನನ್ನ ಮಣ್ಣು ಮಾಡೋವಾಗ ಗುರುತಿನವನು ಇರ್ಲಿ ಅಂತ ಆಸೆ ಆಯ್ತು. ಅಷ್ಟೇ. ನಿನ್ನ ಬಾಳು ಹಾಳಾಯ್ತು, ಗೊತ್ತು. ಆ ಪಾಪ ಹೇಳ್ಕೊಳ್ಳದೇನೇ ಪ್ರತಿ ಭಾನುವಾರ ನಿನ್ನ ಕೈಯಿಂದಲೇ ಪ್ರಸಾದ ತಗೊಂಡೆ. ಅದೂ ಪಾಪ. ಹನ್ನೊಂದು ವರ್ಷದ್ದು."

ದೊನ್ ಲಿಬೋರಿಯೊಗೆ ಮೈಯೆಲ್ಲ ಉರಿಯಿತು. ಎದ್ದು ಮೇಜಿನ ಮೇಲಿದ್ದ ಪಿಂಗಾಣಿ ಒಡೆದುಹಾಕಬೇಕು ಅನ್ನಿಸಿತು. ಪೆಟ್ಟಿಗೆಗಳಲ್ಲಿ ಗೆದ್ದಲು ತಿಂದ ಪುಸ್ತಕಗಳು, ಮಳೆಗೆ ಸೋರುವ ತನ್ನ ಕೋಣೆ, ಬೆಕ್ಕಿಗೆ ಬೈದ ಪಾಪಗಳ ಹನ್ನೊಂದು ವರ್ಷ, ಎಲ್ಲ ಒಟ್ಟಿಗೆ ನೆನಪಾದವು. ಬಿಡಿಸಿ ಹೇಳಿಸಿಕೊಂಡವನು ತಾನೇ. ದೇವರ ಕಿವಿ ಅಂದವನೂ ತಾನೇ. ಅವನು ಹಾಗೇ ಕೂತಿದ್ದ. ಹಿಂದಿನ ಕುರ್ಚಿ ಸಣ್ಣಗೆ ಅಲುಗುತ್ತಿತ್ತು. ಮುದುಕಿಯ ಮೈ ನಡುಗುತ್ತಿದೆ ಎಂದು ಬೆನ್ನಿಗೆ ತಿಳಿಯಿತು.

ಆಮೇಲೆ ಅವನ ಬಲಗೈ ಮೇಲೆದ್ದಿತು. ಮೂವತ್ತೈದು ವರ್ಷದಲ್ಲಿ ಅದು ಅಷ್ಟು ಭಾರವಾಗಿ ಎಂದೂ ಎದ್ದಿರಲಿಲ್ಲ. ಪಾಪವಿಮೋಚನೆಯ ಮಾತುಗಳನ್ನು ಹೇಳಿದ. ನಡುವೆ ಎರಡು ಸಲ ತಡವರಿಸಿದ, ಸ್ವರವಿಲ್ಲ, ಗಾಂಭೀರ್ಯವಿಲ್ಲ, ಯಾವ ನಿರ್ದೇಶಕನೂ ಒಪ್ಪುತ್ತಿರಲಿಲ್ಲ. ಶಿಲುಬೆಯ ಗುರುತು ಮಾಡಿ ಮುಗಿಸಿದ.

"ಆಯ್ತಾ?" ಅಂದಳು ಎರ್ಸಿಲಿಯಾ.

"ಆಯ್ತು."

"ಇಷ್ಟೇನಾ? ಆ ನಟ ಎಷ್ಟು ಚೆನ್ನಾಗಿ ಹೇಳಿದ ಗೊತ್ತಾ! ಕೇಳಿ ಅತ್ತೂಬಿಟ್ಟ, ಪಾಪ. ನಿನ್ನ ಹತ್ರ ಹೋಗಿ ಹೇಳು, ಅದೇ ಪ್ರಾಯಶ್ಚಿತ್ತ ಅಂದ. ಆಗಲ್ಲಪ್ಪ ಅಂದೆ. ಚೌಕಾಸಿ ಮಾಡಿ ಮೂರು ನಮೋ ಮರಿಯಾಗೆ ಇಳಿಸಿದೆ."

ದೊನ್ ಲಿಬೋರಿಯೊ ಕೊರಳಪಟ್ಟಿ ಮಡಿಸಿದ. ಅವಳ ಹಣೆಗೆ, ಅಂಗೈಗಳಿಗೆ ಎಣ್ಣೆ ಹಚ್ಚಿದ. ಅವಳು ಅವನ ಮುಖ ನೋಡುತ್ತಿದ್ದಳು.

"ಲಿಬೋ, ಇನ್ನು ಇದರ ಮಾತು ನೀನು ನನ್ನ ಹತ್ರ ಎತ್ತೋ ಹಾಗಿಲ್ಲ, ಅಲ್ವಾ? ನಾನು ಬದುಕಿ ಬಂದರೂ?"

"ಇಲ್ಲ."

"ಬಿಷಪ್ಪರಿಗೂ ಹೇಳೋ ಹಾಗಿಲ್ಲ?"

"ಯಾರಿಗೂ ಇಲ್ಲ ಚಿಕ್ಕಮ್ಮ."

ಎರ್ಸಿಲಿಯಾ ಒಂದು ದೊಡ್ಡ ಉಸಿರು ಬಿಟ್ಟಳು. ಚಪ್ಪಲಿಯನ್ನು ಎತ್ತಿ ಚೀಲಕ್ಕೆ ಹಾಕಿದಳು. "ದಡ್ಡಿ ನಾನು," ಅಂದಳು. "ಹೊರಗಿನವರು ಬರ್ಲಿ ಅಂತ ಹನ್ನೊಂದು ವರ್ಷ ಕಾದೆ. ನಿನ್ನ ಹತ್ರ ಹೇಳೋದೇ ಎಲ್ಲಕ್ಕಿಂತ ಕ್ಷೇಮ ಅಂತ ಹೊಳೀಲೇ ಇಲ್ಲ ನೋಡು." ಮತ್ತೆ ಆ ಹಾಡು ಶುರುವಾಯಿತು.

ಅವನು ಬೀದಿಗಿಳಿದ. ಕೆಳಗಿನ ತಿರುವಿನಲ್ಲೇ ಔಷಧಿ ಅಂಗಡಿ. ಒತ್ತೋರಿನೊ ಬಾಗಿಲಲ್ಲಿ ನಿಂತು ಕನ್ನಡಕ ಒರೆಸುತ್ತಿದ್ದ, ಪಾದ್ರಿಯನ್ನು ಕಂಡು ಎಂದಿನಂತೆ ಮುಖ ಬೇರೆ ಕಡೆ ತಿರುಗಿಸಿದ. ದೊನ್ ಲಿಬೋರಿಯೊ ನಿಂತ. ತಪ್ಪಾಯಿತು ಎನ್ನುವಂತಿಲ್ಲ, ಯಾವ ತಪ್ಪು ಎಂದು ಅವನು ಕೇಳುತ್ತಾನೆ. ಚಿಕ್ಕಮ್ಮನ ಮನೆಯಿಂದ ಇಳಿದವನೇ ಹನ್ನೊಂದು ವರ್ಷದ ಮುನಿಸು ಬಿಟ್ಟ ಎಂದು ಗೊತ್ತಾದರೆ ಊರು ಲೆಕ್ಕ ಹಾಕಿಬಿಡುತ್ತದೆ. ಸುಮ್ಮನೆ ದಾಟಿಹೋದರೆ, ತಪ್ಪು ಮಾಡದವನಿಗೆ ತಿಳಿದೂ ತಿಳಿದೂ ಶಿಕ್ಷೆ ಕೊಟ್ಟಂತೆ. ಬಿಸಿಲಿನಲ್ಲಿ ಅವನು ಬಹಳ ಹೊತ್ತು ನಿಂತ. ಕೊನೆಗೆ ಒಂದು ಮೆಟ್ಟಿಲು ಹತ್ತಿದ.

"ತಲೆನೋವಿಗೆ ಏನಾದ್ರೂ ಇದೆಯಾ?" ಎಂದು ಕೇಳಿದ. ಅದು ಸುಳ್ಳೇನೂ ಆಗಿರಲಿಲ್ಲ.

ಒತ್ತೋರಿನೊ ಗಾಬರಿಯಿಂದ ಕನ್ನಡಕ ಹಾಕಿಕೊಂಡ.

"ಯಾರು ತೀರಿಕೊಂಡ್ರು ಫಾದರ್?" ಅಂದ.